ಫೆಲೋಶಿಪ್ ಇರುವ ಪಿಎಚ್‌.ಡಿ.: ಜೆಆರ್‌ಎಫ್‌ ಹಿಡಿಯೋದೋ, ಇಂಗ್ಲೆಂಡಿಗೆ ಹೋಗೋದೋ, ಯುರೋಪಿನಲ್ಲಿ ನೌಕರಿಯೋ?

“ಅಕ್ಕಾ, ಆಫರ್ ಲೆಟರ್ ಬಂತು!”

ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ದು ನಮ್ಮ ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಜೂನಿಯರ್ ಹುಡುಗಿ. ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಪಿಎಚ್‌.ಡಿ. ಸೀಟು ಸಿಕ್ಕಿತ್ತು. ವಿಷಯ, ವಯಸ್ಸಾದವರ ಆರೈಕೆ. ಅವಳ ಅಮ್ಮ ಆಗಲೇ ಪಕ್ಕದ ಮನೆಗೆ ಪೇಡ ಕೊಟ್ಟು ಬಂದಿದ್ದರು. ಪತ್ರ ಕಳಿಸು ಅಂದೆ. ಮೂರು ಪುಟ ಓದಿದೆ. ಅಭಿನಂದನೆ ಇತ್ತು. ಗೈಡ್ ಹೆಸರಿತ್ತು. ವರ್ಷಕ್ಕೆ ಕಟ್ಟಬೇಕಾದ ಫೀಸು ಇತ್ತು. ಅವಳಿಗೆ ಕೊಡುವ ಹಣದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸೀಟು ಬೇರೆ, ಹಣ ಬೇರೆ. ಇಂಗ್ಲೆಂಡಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಕಮಿಟಿ, ಎಷ್ಟೋ ಸಲ ಬೇರೆ ಬೇರೆ ಕೊನೇ ದಿನ. ನಮ್ಮಲ್ಲಿ ಅದು ಉಲ್ಟಾ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಮೇಲೆ ಬಂದವರಿಗೆ ಸಿಗುವ ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆಆರ್‌ಎಫ್‌, ಆದವರ ಕೈಲಿ ಹಣ ಇರುತ್ತದೆ, ಸೀಟು ಇರುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಎರಡೂ ಒಂದೇ ಕಾಗದದಲ್ಲಿ ಬರುತ್ತವೆ, ಏಕೆಂದರೆ ಅದು ನೌಕರಿಯ ಆದೇಶ. ಆ ರಾತ್ರಿ ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಎಂಎಸ್‌ಡಬ್ಲ್ಯು, ಎಂಪಿಎಚ್ (ಸಾರ್ವಜನಿಕ ಆರೋಗ್ಯ), ಎಂಎಸ್ಸಿ ನರ್ಸಿಂಗ್, ಸೈಕಾಲಜಿ ಓದಿ ಸಂಶೋಧನೆಗೆ ಹೋಗಬೇಕು ಅಂದುಕೊಂಡವರಿಗೆ ಇದು.

ಹಣ ಎಷ್ಟು ಅನ್ನೋದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ನಾನು ಅದನ್ನು ನಾಲ್ಕನೆಯದಾಗಿ ಕೇಳುತ್ತೇನೆ. ಹಣ ನಿಮ್ಮ ಹೆಸರಿಗೆ ಬರುತ್ತದೋ, ಗೈಡ್ ಅವರ ಪ್ರಾಜೆಕ್ಟಿಗೆ ಬರುತ್ತದೋ? ಸಂಶೋಧನೆಯ ಪ್ರಶ್ನೆ ನಿಮ್ಮದೋ, ಅವರದೋ? ಆ ನಾಲ್ಕೈದು ವರ್ಷ ನೀವು ವಿದ್ಯಾರ್ಥಿಯೋ, ನೌಕರರೋ? ಈ ಮೂರು ಗೊತ್ತಾದರೆ ಮೊತ್ತದ ಲೆಕ್ಕ ತಾನಾಗಿ ಸರಿಹೋಗುತ್ತದೆ.

ನೆಟ್ ಮತ್ತು ಜೆಆರ್‌ಎಫ್‌

ಯುಜಿಸಿ ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಯುತ್ತದೆ. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ನಮ್ಮ ಕ್ಷೇತ್ರದವರು ಸಾಮಾನ್ಯವಾಗಿ ಬರೆಯುವುದು ಸಮಾಜಕಾರ್ಯ, ಸೈಕಾಲಜಿ, ಜನಸಂಖ್ಯಾ ಅಧ್ಯಯನ. ‘ಸೋಷಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್’ ಅಂತ ಒಂದು ವಿಷಯ ಇದೆ. ಎಂಪಿಎಚ್ ಓದಿದ ಎಷ್ಟೋ ಜನರಿಗೆ ಇದು ಇರುವುದೇ ಗೊತ್ತಿಲ್ಲ. ನರ್ಸಿಂಗ್ ಅನ್ನೋ ವಿಷಯ ಮಾತ್ರ ನೆಟ್‌ನಲ್ಲಿ ಇಲ್ಲ. ಎಂಎಸ್ಸಿ ನರ್ಸಿಂಗ್ ಮಾಡಿದವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ.

ಪರೀಕ್ಷೆ ಬರೆದವರಲ್ಲಿ ನೂರಕ್ಕೆ ಆರು ಜನರನ್ನಷ್ಟೇ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೆ ಪಾಸು ಮಾಡುತ್ತಾರೆ. ಜೆಆರ್‌ಎಫ್‌ ಅವರಿಗಿಂತಲೂ ಮೇಲಿನವರಿಗೆ. ವಯಸ್ಸು 30 ಮೀರಿರಬಾರದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ, ಒಬಿಸಿಯವರಿಗೆ, ಅಂಗವಿಕಲರಿಗೆ, ತೃತೀಯ ಲಿಂಗಿಗಳಿಗೆ 5 ವರ್ಷ ಸಡಿಲ ಉಂಟು. 2024ರ ಜೂನ್ ಪರೀಕ್ಷೆಯಿಂದ ಇನ್ನೊಂದು ಬಾಗಿಲು ತೆರೆಯಿತು. ಜೆಆರ್‌ಎಫ್‌ ಬರದಿದ್ದರೂ ನೆಟ್ ಅಂಕದ ಮೇಲೆ ಪಿಎಚ್‌.ಡಿ. ಪ್ರವೇಶ ಸಿಗಬಹುದು. ಅಂಕಕ್ಕೆ ನೂರಕ್ಕೆ 70, ಸಂದರ್ಶನಕ್ಕೆ 30. ಆದರೆ ಇದು ಪ್ರವೇಶ ಮಾತ್ರ. ಕೈಗೆ ಕಾಸು ಬರುವುದಿಲ್ಲ.

ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್ ಪಾಸಾದವರು ಕೆಲವರು ನನ್ನನ್ನು ಕೇಳುತ್ತಾರೆ, “ಫೆಲೋಶಿಪ್ ಯಾವಾಗ ಶುರುವಾಗುತ್ತೆ ಮೇಡಂ?” ಆಗೋದಿಲ್ಲ. ಕೆಸೆಟ್ ಪಾಠ ಮಾಡುವ ಅರ್ಹತೆ ಕೊಡುತ್ತದೆ, ಅಷ್ಟೇ.

ಇನ್ನು ಮೊತ್ತ. 2023ರ ಜನವರಿಯಿಂದ ಜೆಆರ್‌ಎಫ್‌ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಕೆಲಸ ತೃಪ್ತಿಕರ ಅಂತ ಕಮಿಟಿ ಒಪ್ಪಿದರೆ ಎಸ್‌ಆರ್‌ಎಫ್‌ (ಸೀನಿಯರ್ ಫೆಲೋಶಿಪ್), 42,000. ಐದು ವರ್ಷ ಪೂರ್ತಿ ಸಿಕ್ಕರೆ ಒಟ್ಟು 24 ಲಕ್ಷ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಬೇರೆ. ಬೆಂಗಳೂರಿನಲ್ಲಿ ಅದು ಮೈಸೂರಿಗಿಂತ ಜಾಸ್ತಿ, ಆದರೆ ಬಾಡಿಗೆ ಅದಕ್ಕಿಂತ ಜಾಸ್ತಿ. ನಮ್ಮ ಊರಿನ ಲೆಕ್ಕದಲ್ಲಿ ಇದು ಮರ್ಯಾದೆಯ ಹಣ. ಮೈಸೂರು, ಧಾರವಾಡ, ಮಂಗಳೂರಿನಲ್ಲಿ ಇದರಲ್ಲಿ ಬದುಕಬಹುದು, ಮನೆಗೂ ಸ್ವಲ್ಪ ಕಳಿಸಬಹುದು.

ಇಕ್ಕಟ್ಟು ಇರುವುದು ಫೀಲ್ಡ್‌ವರ್ಕಿನಲ್ಲಿ. ಸಮಾಜವಿಜ್ಞಾನದವರಿಗೆ ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಇತರೆ ಖರ್ಚಿನ ಹಣ, ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ಒಂದು ತಾಲ್ಲೂಕಿನ ಇಪ್ಪತ್ತು ಹಳ್ಳಿ ಸುತ್ತಿ ಆಶಾ ಕಾರ್ಯಕರ್ತೆಯರನ್ನು ಮಾತಾಡಿಸಬೇಕು ಅಂದುಕೊಳ್ಳಿ. ಬಸ್ಸು, ಆಟೊ, ಜೊತೆಗೆ ಬರುವ ಸಹಾಯಕರಿಗೆ ದಿನಗೂಲಿ, ರೆಕಾರ್ಡಿಂಗ್ ಬರೆದುಕೊಡುವವರಿಗೆ ಹಣ. ಹತ್ತು ಸಾವಿರ ಮೊದಲ ಎರಡು ತಿಂಗಳಲ್ಲೇ ಮುಗಿಯುತ್ತದೆ. ನಾನು ಕೊನೆಗೆ ಸ್ಯಾಂಪಲ್ ಅರ್ಧ ಮಾಡಿದೆ. ಹಾಸಿಗೆ ಇದ್ದಷ್ಟೇ ಕಾಲು. ಪ್ರತಿ ತಿಂಗಳು ವಿಭಾಗದವರು ಹಾಜರಾತಿ ದೃಢೀಕರಿಸಿ ಮೇಲೆ ಕಳಿಸಬೇಕು. ಗುಮಾಸ್ತರು ರಜೆ ಹಾಕಿದರೆ ನಿಮ್ಮ ತಿಂಗಳೂ ರಜೆ. ನನಗೊಮ್ಮೆ ಐದು ತಿಂಗಳ ಹಣ ಒಟ್ಟಿಗೆ ಬಂತು. ಅಲ್ಲಿವರೆಗೆ ತಮ್ಮನ ಕೈಲಿ ಸಾಲ.

ಇಷ್ಟಾದರೂ ನಾನು ಜೆಆರ್‌ಎಫ್‌ ಪರವೇ. ಕಾರಣ ಒಂದೇ. ಆ ಹಣ ನಿಮ್ಮ ಹೆಸರಿನಲ್ಲಿದೆ. ಯಾವ ವಿಶ್ವವಿದ್ಯಾಲಯ, ಯಾವ ಗೈಡ್, ಯಾವ ಪ್ರಶ್ನೆ ಅನ್ನೋದನ್ನು ನೀವು ಆರಿಸುತ್ತೀರಿ. ಚಿಂಚೋಳಿಯ ಬಾಣಂತನದ ಬಗ್ಗೆಯೋ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಗ್ಗೆಯೋ ಬರೆಯಬೇಕು ಅಂದರೆ ಯಾರೂ ಬೇಡ ಅನ್ನುವಂತಿಲ್ಲ. ವಿದೇಶದ ಫಂಡಿಂಗ್‌ನಲ್ಲಿ ಈ ಸ್ವಾತಂತ್ರ್ಯ ಅಪರೂಪ.

ಹೆಸರು ನೋಡಿ ಮೋಸ ಹೋಗಬೇಡಿ. ‘ಪ್ರಾಜೆಕ್ಟ್ ಜೆಆರ್‌ಎಫ್‌ ಬೇಕಾಗಿದೆ’ ಅಂತ ಜಾಹೀರಾತು ಬರುತ್ತದಲ್ಲ, ಅದು ಇನ್ನೊಂದು ಜಾತಿ. ಅದು ಪ್ರೊಫೆಸರ್‌ಗೆ ಮಂಜೂರಾದ ಪ್ರಾಜೆಕ್ಟಿನ ಒಳಗಿನ ಕೆಲಸ. ಪ್ರಾಜೆಕ್ಟ್ ಮುಗಿದ ದಿನ ಹಣ ನಿಲ್ಲುತ್ತದೆ. ಪಿಎಚ್‌.ಡಿ. ನೋಂದಣಿ ಅದರ ಜೊತೆ ಬಂದೇ ಬರುತ್ತದೆ ಅಂತಲೂ ಇಲ್ಲ. ಎರಡು ವರ್ಷ ಡೇಟಾ ಕಲೆಹಾಕಿ, ಕೊನೆಗೆ ನೋಂದಣಿ ಆಗದೆ ಹೊರಬಂದವರನ್ನು ನಾನು ನೋಡಿದ್ದೇನೆ. ಸೇರುವ ಮೊದಲೇ ಎರಡು ವಿಷಯ ಬರವಣಿಗೆಯಲ್ಲಿ ಕೇಳಿ: ನೋಂದಣಿ ಯಾವಾಗ, ಈ ಡೇಟಾವನ್ನು ನನ್ನ ಪ್ರಬಂಧಕ್ಕೆ ಬಳಸಬಹುದಾ?

ಜೆಆರ್‌ಎಫ್‌ ಬರದಿದ್ದರೆ

ದಾರಿ ಮುಚ್ಚಿಲ್ಲ. ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2,000, ಒಬಿಸಿಯವರಿಗೆ 1,000, ಪರಿಶಿಷ್ಟ ಪಂಗಡದವರಿಗೆ 750 ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022–23ರಿಂದ ನಿಂತುಹೋಯಿತು. ಹಳೆಯ ಪಟ್ಟಿಗಳಲ್ಲಿ ಅದರ ಹೆಸರು ಈಗಲೂ ಓಡಾಡುತ್ತಿದೆ, ಅದನ್ನು ನಂಬಿ ಕೂರಬೇಡಿ. ಮನೆಗೆ ಒಬ್ಬಳೇ ಮಗಳಾಗಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಇದನ್ನು ಸುಮ್ನೆ ಬಿಡಬೇಡಿ.

ಸಮಾಜವಿಜ್ಞಾನ ಸಂಶೋಧನಾ ಮಂಡಳಿಯಾದ ಐಸಿಎಸ್‌ಎಸ್‌ಆರ್‌ ಕೊಡುವ ಡಾಕ್ಟೋರಲ್ ಫೆಲೋಶಿಪ್ ತಿಂಗಳಿಗೆ 20,000, ಎರಡು ವರ್ಷ. ಈಗಾಗಲೇ ನೋಂದಣಿಯಾಗಿ, ಕೋರ್ಸ್‌ವರ್ಕ್ ಮುಗಿಸಿ, ಫೀಲ್ಡ್‌ಗೆ ಹೊರಟವರಿಗೆ ಇದು ಸರಿಯಾದ ಹೊತ್ತಿಗೆ ಕೈಹಿಡಿಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ನಾನ್‌ನೆಟ್ ಫೆಲೋಶಿಪ್ ತಿಂಗಳಿಗೆ 8,000. ಅದು 2012ರಿಂದ ಅಲ್ಲೇ ನಿಂತಿದೆ. ದೆಹಲಿಯಲ್ಲಿ ಎಂಟು ಸಾವಿರಕ್ಕೆ ಏನು ಬರುತ್ತೆ ನೀವೇ ಹೇಳಿ. ಆದರೂ ಜೆಎನ್‌ಯುನ ಸೋಷಿಯಲ್ ಮೆಡಿಸಿನ್ ಕೇಂದ್ರಕ್ಕೆ ಜನ ಹೋಗುತ್ತಾರೆ. ಆರೋಗ್ಯವನ್ನು ಜಾತಿ, ಕೂಲಿ, ಭೂಮಿ ಜೊತೆ ಇಟ್ಟು ನೋಡುವ ಆ ಪಾಠ ಬೇರೆಡೆ ಸುಲಭಕ್ಕೆ ಸಿಗುವುದಿಲ್ಲ.

ಕರ್ನಾಟಕದ ಒಳಗೆ ಮೊದಲು ನೋಡಬೇಕಾದ್ದು ನಿಮ್ಹಾನ್ಸ್. ಮನೋವೈದ್ಯಕೀಯ ಸಮಾಜಕಾರ್ಯ, ಕ್ಲಿನಿಕಲ್ ಸೈಕಾಲಜಿ, ನರ್ಸಿಂಗ್ ಸೇರಿ ಹಲವು ವಿಭಾಗಗಳಲ್ಲಿ ಪಿಎಚ್‌.ಡಿ. ಉಂಟು. ಪ್ರವೇಶ ಪರೀಕ್ಷೆ ಅವರದೇ, ಫೆಲೋಶಿಪ್ಪೂ ಅವರದೇ ಇದೆ. ನೆಟ್‌ನಲ್ಲಿ ಜಾಗವಿಲ್ಲದ ನರ್ಸ್‌ಗಳಿಗೆ ಇದು ದೊಡ್ಡ ಮಾತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆ ಗುರುತಿಸಿ ಔಷಧ ಕೊಡಬಹುದು ಅಂತ ತೋರಿಸಿದ್ದು ಅಲ್ಲಿ. ಆರೋಗ್ಯ ಸೇವೆ ಜನರ ಮನೆ ಬಾಗಿಲಿಗೆ ಹೇಗೆ ಹೋಗುತ್ತದೆ ಅನ್ನೋದೇ ನಿಮ್ಮ ಪ್ರಶ್ನೆಯಾದರೆ, ಆ ಪರಂಪರೆಯ ಒಳಗೇ ಕೂತು ಕೆಲಸ ಮಾಡಬಹುದು.

ಬೆಂಗಳೂರಿನ ನಾಗರಬಾವಿಯ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್‌ನಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರವಿದೆ. ಅಂಕಿಅಂಶ ಇಷ್ಟಪಡುವವರಿಗೆ ಸರಿಯಾದ ಜಾಗ. ಸಾರ್ವಜನಿಕ ಆರೋಗ್ಯಕ್ಕೆ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಸಮಾಜವಿಜ್ಞಾನಕ್ಕೆ ಮುಂಬೈನ ಟಿಸ್, ಜನಸಂಖ್ಯಾ ಅಧ್ಯಯನಕ್ಕೆ ಅಲ್ಲಿನ ಐಐಪಿಎಸ್ ನಮಗೆ ದೂರವೇನಲ್ಲ. ಮಣಿಪಾಲದಲ್ಲಿ ಟಿ.ಎಂ.ಎ. ಪೈ ಹೆಸರಿನ ಫೆಲೋಶಿಪ್ ಇದೆ.

ಕನ್ನಡ ಮಾಧ್ಯಮದಲ್ಲಿ ಎಂಎಸ್‌ಡಬ್ಲ್ಯು ಮಾಡಿದವರಿಗೆ ಒಂದು ಮಾತು. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಫೀಲ್ಡ್‌ವರ್ಕಿನಲ್ಲಿ ಪಳಗಿದ ಎಷ್ಟೋ ಹುಡುಗರು ಮುಗ್ಗರಿಸುವುದು ಇಲ್ಲಿ, ವಿಷಯ ಗೊತ್ತಿಲ್ಲದೆ ಅಲ್ಲ. ಹಿಂದಿನ ಐದು ವರ್ಷದ ಪತ್ರಿಕೆಗಳನ್ನು ಇಟ್ಟುಕೊಂಡು, ಇಂಗ್ಲಿಷ್ ಪಾರಿಭಾಷಿಕ ಪದಗಳ ಪಕ್ಕ ಕನ್ನಡದ ಪದ ಬರೆದುಕೊಂಡು ಓದಿ. ನನ್ನ ಬ್ಯಾಚಿನ ಇಬ್ಬರು ಹೀಗೇ ಪಾಸಾದರು.

ಇಂಗ್ಲೆಂಡ್: ಒಂದು ಹೆಸರು, ನಾಲ್ಕು ಥರ

ಅಲ್ಲಿ ‘ಹೆಲ್ತ್ ಅಂಡ್ ಸೋಷಿಯಲ್ ಕೇರ್’ ಅಂತ ಒಂದೇ ಉಸಿರಲ್ಲಿ ಹೇಳುತ್ತಾರೆ. ಆದರೆ ಒಳಗೆ ಎರಡು ಮನೆ. 1948ರಿಂದ ಇರುವ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಆಸ್ಪತ್ರೆ ಚಿಕಿತ್ಸೆ ಉಚಿತ. ಸ್ನಾನ ಮಾಡಿಸುವುದು, ಬಟ್ಟೆ ಹಾಕಿಸುವುದು, ಊಟ ಮಾಡಿಸುವುದು, ವೃದ್ಧರ ಕೇರ್ ಹೋಮ್, ಇದೆಲ್ಲ ಸೋಷಿಯಲ್ ಕೇರ್. ಇದನ್ನು ನೋಡಿಕೊಳ್ಳುವುದು ಸ್ಥಳೀಯ ಕೌನ್ಸಿಲ್. ಇಂಗ್ಲೆಂಡಿನಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಉಳಿತಾಯ, ಆಸ್ತಿ ಇದ್ದವರು ಖರ್ಚನ್ನು ತಾವೇ ಹಾಕಿಕೊಳ್ಳಬೇಕು. ಸ್ಕಾಟ್‌ಲ್ಯಾಂಡಿನಲ್ಲಿ ಮಾತ್ರ 2002ರಿಂದ ವೃದ್ಧರ ವೈಯಕ್ತಿಕ ಆರೈಕೆ ಉಚಿತ. ನಮ್ಮಲ್ಲಿ ಈ ಕೆಲಸವನ್ನು ಸೊಸೆಯೋ ಮಗಳೋ ಮಾಡುತ್ತಾಳೆ, ಅದಕ್ಕೊಂದು ಇಲಾಖೆಯೂ ಇಲ್ಲ, ಹೆಸರೂ ಇಲ್ಲ. ಪ್ರಪೋಸಲ್ ಬರೆಯುವಾಗ ಈ ವ್ಯತ್ಯಾಸ ತಲೆಯಲ್ಲಿರಲಿ. ಸೋಷಿಯಲ್ ಕೇರ್ ಅಂದರೆ ಸಮಾಜಸೇವೆ ಅಂದುಕೊಂಡು ಬರೆದ ಪ್ರಪೋಸಲ್‌ಗಳು ಮೊದಲ ಸುತ್ತಿನಲ್ಲೇ ಬೀಳುತ್ತವೆ.

ಮೊದಲನೆಯ ಥರ, ಬ್ರಿಟನ್ ಸರ್ಕಾರದ ಸಂಶೋಧನಾ ನಿಧಿ ಸಂಸ್ಥೆ ಯುಕೆಆರ್‌ಐ ಹಣ. ಸಮಾಜವಿಜ್ಞಾನಕ್ಕೆ ಇಎಸ್‌ಆರ್‌ಸಿ, ವೈದ್ಯಕೀಯಕ್ಕೆ ಎಂಆರ್‌ಸಿ ಮೂಲಕ ಇದು ವಿಶ್ವವಿದ್ಯಾಲಯಗಳ ಗುಂಪುಗಳಿಗೆ ಹೋಗುತ್ತದೆ. 2025–26ಕ್ಕೆ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. ಅಂದರೆ ತಿಂಗಳಿಗೆ ಸುಮಾರು 1,730. ಇದಕ್ಕೆ ತೆರಿಗೆ ಇಲ್ಲ. ಒಂದು ಬ್ಯಾಚಿನಲ್ಲಿ ನೂರಕ್ಕೆ 30ರವರೆಗೆ ವಿದೇಶಿಯರನ್ನು ತೆಗೆದುಕೊಳ್ಳಬಹುದು. ಆಯ್ಕೆಯಾದರೆ ದೇಶೀ ಫೀಸಿಗೂ ವಿದೇಶಿ ಫೀಸಿಗೂ ಇರುವ ವ್ಯತ್ಯಾಸವನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಪ್ರಶ್ನೆಯನ್ನು ನೀವೇ ಬರೆದುಕೊಂಡು ಹೋಗಲೂ ಅವಕಾಶ ಇರುವುದು ಹೆಚ್ಚಾಗಿ ಇಎಸ್‌ಆರ್‌ಸಿಯಲ್ಲಿ.

ಎರಡನೆಯದು, ವಿಶ್ವವಿದ್ಯಾಲಯಗಳು, ಚಾರಿಟಿಗಳು ಕೊಡುವ ಸ್ಟೂಡೆಂಟ್‌ಶಿಪ್. ಇವು ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ, ಫೈಂಡ್‌ಎಪಿಎಚ್‌ಡಿ ಥರದ ಕಡೆ ಜಾಹೀರಾತಿನ ರೂಪದಲ್ಲಿ ಬರುತ್ತವೆ. ಪ್ರಶ್ನೆ ಆಗಲೇ ತಯಾರಾಗಿರುತ್ತದೆ: ಡಿಮೆನ್ಷಿಯಾ ಇರುವವರ ಮನೆ ಆರೈಕೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಮೇಲಿನ ತೊಡಕು, ಹೀಗೆ. ನೀವು ಅದಕ್ಕೆ ಒಪ್ಪುವ ಜನ ಆಗಬೇಕು. ಇಲ್ಲಿ ಓದಬೇಕಾದ ಸಾಲು ಒಂದೇ. ‘ಫೀಸು ಹೋಮ್ ದರದಲ್ಲಿ ಮಾತ್ರ’ ಅಂತ ಇದ್ದರೆ ಆ ಜಾಹೀರಾತು ನಮಗೆ ಬರೆದದ್ದಲ್ಲ. ಸ್ಟೈಪೆಂಡ್ ಸಿಕ್ಕರೂ ವಿದೇಶಿ ಫೀಸಿನ ಬಾಕಿ ನಿಮ್ಮ ತಲೆಗೆ. ಆ ಬಾಕಿ ಸ್ಟೈಪೆಂಡನ್ನೇ ನುಂಗುತ್ತದೆ.

ಮೂರನೆಯದು ಹೆಸರುವಾಸಿ ಸ್ಕಾಲರ್‌ಶಿಪ್‌ಗಳು. ಗೇಟ್ಸ್ ಕೇಂಬ್ರಿಜ್, ಆಕ್ಸ್‌ಫರ್ಡ್‌ನ ಕ್ಲಾರೆಂಡನ್, ಹೆಚ್ಚಾಗಿ ಭಾರತೀಯರಿಗೆ ಸಿಗುವ ಫೆಲಿಕ್ಸ್. ಎಲ್ಲವೂ ಪಿಎಚ್‌.ಡಿ.ಗೆ ಸಿಗುತ್ತವೆ, ಸ್ಪರ್ಧೆ ಹೇಳಬೇಕಾಗಿಲ್ಲ. ಚೆವೆನಿಂಗ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಒಂದು ವರ್ಷದ ಮಾಸ್ಟರ್ಸ್‌ಗೆ ಮಾತ್ರ.

ನಾಲ್ಕನೆಯದನ್ನು ನಮ್ಮವರು ಕಡೆಗಣಿಸುತ್ತಾರೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ.

ಎನ್‌ಐಎಚ್‌ಆರ್‌: ಈಗಾಗಲೇ ಅಲ್ಲಿ ಕೆಲಸದಲ್ಲಿರುವವರಿಗೆ

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುತ್ತಿರುವವರು ಸಾಕಷ್ಟಿದ್ದಾರೆ. ಫಿಸಿಯೋಥೆರಪಿಯವರು, ಸೋಷಿಯಲ್ ವರ್ಕರ್‌ಗಳೂ ಇದ್ದಾರೆ. ಇವರಿಗೆ ಸ್ಟೂಡೆಂಟ್‌ಶಿಪ್ ಅಂದರೆ ಸಂಬಳ ಬಿಟ್ಟು ಸ್ಟೈಪೆಂಡಿಗೆ ಇಳಿಯುವುದು. ಮನೆ ಸಾಲ, ಮಕ್ಕಳು ಇದ್ದವರಿಗೆ ಆಗದ ಮಾತು.

ಎನ್‌ಐಎಚ್‌ಆರ್‌ ಈ ಗಂಟನ್ನು ಬಿಚ್ಚುತ್ತದೆ. ಆರೋಗ್ಯ ಸಂಶೋಧನೆಗೆ ಸರ್ಕಾರದ ಹಣ ಹಂಚಲು 2006ರಲ್ಲಿ ಶುರುವಾದ ಸಂಸ್ಥೆ ಇದು. ಮೊದಲು ಹೆಸರಿನಲ್ಲಿ ಬರೀ ಆರೋಗ್ಯ ಇತ್ತು. 2022ರಲ್ಲಿ ‘ಹೆಲ್ತ್ ಅಂಡ್ ಕೇರ್ ರಿಸರ್ಚ್’ ಅಂತ ಬದಲಾಯಿತು. ಅದರ ಡಾಕ್ಟೋರಲ್ ಫೆಲೋಶಿಪ್ ಸ್ಟೈಪೆಂಡ್ ಕೊಡುವುದಿಲ್ಲ, ಸಂಬಳವನ್ನೇ ಕೊಡುತ್ತದೆ. ಜೊತೆಗೆ ಪಿಎಚ್‌.ಡಿ. ಫೀಸು, ತರಬೇತಿ, ಸಂಶೋಧನೆಯ ಖರ್ಚು. ಪೂರ್ಣಾವಧಿ ಆದರೆ ಮೂರು ವರ್ಷ. ಅರ್ಧ ಸಮಯ ಆದರೆ ಆರು ವರ್ಷ. ನರ್ಸ್, ಥೆರಪಿಸ್ಟ್ ಥರದ ಸೇವೆಯಲ್ಲಿರುವವರಿಗೆ, ರೋಗಿಗಳ ಕೆಲಸವನ್ನೂ ಉಳಿಸಿಕೊಂಡು ಸಂಶೋಧನೆ ಮಾಡುವ ಬೇರೆ ಯೋಜನೆಯೂ ಉಂಟು. ಸೋಷಿಯಲ್ ಕೇರ್‌ಗೆ ಅಂತಲೇ 2009ರಿಂದ ಒಂದು ಸ್ಕೂಲ್ ಇದೆ. ವೇಲ್ಸ್ ಸರ್ಕಾರ ಸೋಷಿಯಲ್ ಕೇರ್ ಪಿಎಚ್‌.ಡಿ.ಗೆ ಬೇರೆ ಯೋಜನೆ ಇಟ್ಟಿದೆ.

ಅರ್ಜಿ ಮಾತ್ರ ದಪ್ಪ. ಬೆಂಗಳೂರಿನಲ್ಲಿ ಕೂತು ಬರೆಯುವ ಎರಡು ಪುಟದ ಸಿನಾಪ್ಸಿಸ್ ಅಲ್ಲ. ಬಜೆಟ್, ಹೋಸ್ಟ್ ಸಂಸ್ಥೆಯ ಒಪ್ಪಿಗೆ, ತರಬೇತಿಯ ಯೋಜನೆ, ಆಮೇಲೆ ಸಂದರ್ಶನ. ಇನ್ನೊಂದು ವಿಭಾಗ ಇದೆ, ರೋಗಿಗಳು ಮತ್ತು ಸಾರ್ವಜನಿಕರನ್ನು ಹೇಗೆ ಸೇರಿಸಿಕೊಂಡಿರಿ ಅಂತ. ಪ್ರಶ್ನಾವಳಿ ತುಂಬಿಸಿಕೊಂಡದ್ದು ಲೆಕ್ಕಕ್ಕಿಲ್ಲ. ಪ್ರಶ್ನೆ ರೂಪಿಸುವಾಗಲೇ ಅವರನ್ನು ಕೂರಿಸಿಕೊಂಡು ಕೇಳಿದ್ದಿರಾ, ಅವರು ಹೇಳಿದ ಮೇಲೆ ಏನು ಬದಲಾಯಿತು ಅನ್ನೋದನ್ನು ನೋಡುತ್ತಾರೆ. ನಮ್ಮ ಎಂಎಸ್‌ಡಬ್ಲ್ಯು ಫೀಲ್ಡ್‌ವರ್ಕ್ ಮಾಡಿದವರು ಇದರಲ್ಲಿ ಹಿಂದೆ ಬೀಳಬಾರದು. ಸ್ತ್ರೀಶಕ್ತಿ ಸಂಘದ ಜಗುಲಿಯಲ್ಲಿ ಕೂತು ಮಾತಾಡಿಸಿದ ಅಭ್ಯಾಸ ನಮಗಿದೆ ಅಲ್ವಾ? ತಯಾರಿಗೆ ಒಂದು ವರ್ಷ ಬೇಕು. ಮೊದಲು ನಿಮ್ಮ ಆಸ್ಪತ್ರೆ ಟ್ರಸ್ಟಿನ ರಿಸರ್ಚ್ ವಿಭಾಗದವರ ಜೊತೆ ಒಂದು ಕಪ್ ಚಹಾ ಕುಡಿಯಿರಿ.

ವೀಸಾ, ಮಗು, ಸಂಗಾತಿ

ಮೊತ್ತ ಹೋಲಿಸುವಾಗ ಬಿಟ್ಟುಹೋಗುವ ಲೆಕ್ಕ ಇದು. ಇಂಗ್ಲೆಂಡಿಗೆ ವಿದ್ಯಾರ್ಥಿ ವೀಸಾ ಹಾಕುವಾಗ ಆರೋಗ್ಯ ಶುಲ್ಕವನ್ನು ಪೂರ್ತಿ ಅವಧಿಗೆ ಮೊದಲೇ ಕಟ್ಟಬೇಕು. ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಜೊತೆಗೆ ಬರುವ ಗಂಡನಿಗೋ ಹೆಂಡತಿಗೋ ಮತ್ತೆ ಅಷ್ಟೇ. ನಾಲ್ಕು ವರ್ಷಕ್ಕೆ ನಿಮ್ಮೊಬ್ಬರದೇ 3,104. ಮೊದಲ ಸ್ಟೈಪೆಂಡ್ ಬರುವ ಮುಂಚೆಯೇ ಇದನ್ನು ಇಲ್ಲಿಂದ ಕಟ್ಟಬೇಕು. ಕೆಲವು ಕಡೆ ವಾಪಸ್ ಕೊಡುತ್ತಾರೆ, ಕೇಳಿ ನೋಡಿ.

2024ರ ಜನವರಿಯಿಂದ ಪಾಠದ ಮಾಸ್ಟರ್ಸ್ ಮಾಡುವವರು ಕುಟುಂಬ ಕರೆದೊಯ್ಯುವಂತಿಲ್ಲ. ಪಿಎಚ್‌.ಡಿ.ಯವರಿಗೆ ಆ ಅವಕಾಶ ಉಳಿದಿದೆ. ಮುಗಿದ ಮೇಲೆ ಕೆಲಸ ಹುಡುಕಲು ಪಿಎಚ್‌.ಡಿ.ಯವರಿಗೆ ಮೂರು ವರ್ಷದ ವೀಸಾ ಇದೆ.

ಹೆರಿಗೆ ರಜೆ ವಿಷಯದಲ್ಲಿ ನಮ್ಮ ನಿಯಮ ಕೆಟ್ಟದ್ದೇನಲ್ಲ. ಯುಜಿಸಿಯ 2022ರ ನಿಯಮದಲ್ಲಿ 240 ದಿನ ಇದೆ. ಪ್ರಬಂಧ ಮುಗಿಸಲು ಮಹಿಳೆಯರಿಗೆ ಎಲ್ಲರಿಗೂ ಸಿಗುವ 6 ವರ್ಷದ ಮೇಲೆ 2 ವರ್ಷ ಜಾಸ್ತಿ. ಯುಕೆಆರ್‌ಐನಲ್ಲಿ 52 ವಾರ ರಜೆ, ಮೊದಲ 26 ವಾರ ಪೂರ್ತಿ ಸ್ಟೈಪೆಂಡ್. ಕಾಗದದ ಮೇಲೆ ಎರಡೂ ಚೆನ್ನಾಗಿವೆ. ವ್ಯತ್ಯಾಸ ಬರುವುದು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನೋದರಲ್ಲಿ. ಅಲ್ಲಿ ಚೈಲ್ಡ್‌ಕೇರ್ ಖರ್ಚಿಗೆ ಸ್ಟೈಪೆಂಡ್ ಸಾಕಾಗುವುದಿಲ್ಲ. ಇಲ್ಲಿ ಅಮ್ಮನೋ ಅತ್ತೆಯೋ ಇದ್ದರೆ ಬದುಕಿಕೊಂಡಿರಿ.

ನೆದರ್‌ಲ್ಯಾಂಡ್ಸ್, ಸ್ವೀಡನ್: ಸಂಶೋಧನೆಯೇ ನೌಕರಿ

ಅಲ್ಲಿ ಪಿಎಚ್‌.ಡಿ.ಗೆ ಅಡ್ಮಿಷನ್ ಅನ್ನೋದಕ್ಕಿಂತ ನೇಮಕ ಅನ್ನೋದೇ ಸರಿ. ಡಚ್ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ. 2024ರ ಸೆಪ್ಟೆಂಬರ್ ವೇತನ ಪಟ್ಟಿಯಲ್ಲಿ ಮೊದಲ ವರ್ಷ ತಿಂಗಳಿಗೆ 2,901 ಯೂರೊ, ಕೊನೆಯ ವರ್ಷ 3,707, ತೆರಿಗೆ ಕಳೆಯುವ ಮೊದಲು. ಇದರ ಮೇಲೆ ನೂರಕ್ಕೆ ಎಂಟರಷ್ಟು ರಜಾ ಭತ್ಯೆ, ವರ್ಷದ ಕೊನೆಗೆ ಬೋನಸ್, ಪಿಂಚಣಿ. ಫೀಸು ಇಲ್ಲ. ಸ್ವೀಡನ್‌ನಲ್ಲೂ ನೌಕರಿಯೇ. ನಾಲ್ಕು ವರ್ಷದ ಸಂಶೋಧನೆಗೆ ಪಾಠ ಮಾಡುವ ಕೆಲಸ ಸೇರಿಕೊಂಡರೆ ಐದಾಗುತ್ತದೆ.

ಕೇಳಲು ಸೊಗಸು. ಆದರೆ ನೌಕರಿ ಅಂದ ಮೇಲೆ ಕೆಲಸ ಅವರದ್ದು. ಪ್ರಾಜೆಕ್ಟ್ ಬರೆದಾಗಿದೆ, ಹಣ ಬಂದಾಗಿದೆ, ಕೈ ಬೇಕು ಅಂತ ಕರೆಯುತ್ತಾರೆ. ರೋಟರ್‌ಡ್ಯಾಮ್, ಮಾಸ್ಟ್ರಿಕ್ಟ್, ಕರೋಲಿನ್‌ಸ್ಕಾ ಥರದ ಕಡೆ ಆರೋಗ್ಯ ನೀತಿ, ಹೆಲ್ತ್ ಎಕನಾಮಿಕ್ಸ್, ಎಪಿಡೆಮಿಯಾಲಜಿ ಹುದ್ದೆಗಳು ಬರುತ್ತವೆ. ಸ್ಟಾಟಿಸ್ಟಿಕ್ಸ್ ಗಟ್ಟಿ ಇದ್ದವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ರೋಗಿಗಳ ಜೊತೆ ಮಾತಾಡಿ ಮಾಡುವ ಸಂಶೋಧನೆಗೆ ಡಚ್ ಅಥವಾ ಸ್ವೀಡಿಷ್ ಬರಬೇಕು ಅಂತ ಕೇಳುತ್ತಾರೆ. ಎಂಎಸ್‌ಡಬ್ಲ್ಯು ಮಾಡಿದವರಿಗೆ ಅಡ್ಡ ಬರುವುದು ಅದೇ.

ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಮರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಹುದ್ದೆಗಳಿಗೆ ವಯಸ್ಸಿನ ಮಿತಿ ಇಲ್ಲ, ಯಾವ ದೇಶದವರಾದರೂ ಆಗಬಹುದು. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಜಾಸ್ತಿ ಇದ್ದಿರಬಾರದು. ಮೊದಲು ಅಲ್ಲೇ ಮಾಸ್ಟರ್ಸ್ ಮಾಡೋಣ, ಆಮೇಲೆ ನೋಡೋಣ ಅನ್ನುವವರು ಈ ನಿಯಮಕ್ಕೆ ಸಿಕ್ಕಿಬೀಳುತ್ತಾರೆ. 30 ದಾಟಿ ಜೆಆರ್‌ಎಫ್‌ ಕೈತಪ್ಪಿದ ಹುಡುಗರಿಗೆ ನಾನು ಇದನ್ನು ತೋರಿಸುತ್ತೇನೆ.

ಅಮೆರಿಕದಲ್ಲಿ ಫೀಸು ಮನ್ನಾ ಜೊತೆ ಸ್ಟೈಪೆಂಡ್ ಕೊಡುವ ಪಿಎಚ್‌.ಡಿ.ಗಳಿವೆ. ಐದು ವರ್ಷ, ಮೊದಲ ಎರಡು ಪಾಠ, ಜೊತೆಗೆ ಟೀಚಿಂಗ್ ಡ್ಯೂಟಿ. ಡಿಆರ್‌ಪಿಎಚ್ (ಸಾರ್ವಜನಿಕ ಆರೋಗ್ಯದ ವೃತ್ತಿಪರ ಡಾಕ್ಟರೇಟ್) ಅನ್ನೋ ಪದವಿ ಬೇರೆ, ಅದಕ್ಕೆ ಹಣ ಸಿಗುವುದು ಕಡಿಮೆ.

ಎರಡು ದೋಣಿಯಲ್ಲಿ ಕಾಲಿಡಬಹುದಾ?

ಇಡಬಹುದು. ಇಲ್ಲಿ ಪಿಎಚ್‌.ಡಿ.ಗೆ ನೋಂದಣಿ ಮಾಡಿಕೊಂಡು ನಡುವೆ ಹೊರಗೆ ಹೋಗಿ ಬರುವ ಎರಡು ದಾರಿ ಇವೆ. ಕಾಮನ್‌ವೆಲ್ತ್‌ನ ಸ್ಪ್ಲಿಟ್‌ಸೈಟ್ ಸ್ಕಾಲರ್‌ಶಿಪ್‌ನಲ್ಲಿ ಒಂದು ವರ್ಷದವರೆಗೆ ಇಂಗ್ಲೆಂಡಿನಲ್ಲಿರಬಹುದು. ಫುಲ್‌ಬ್ರೈಟ್‌ನೆಹರೂ ಡಾಕ್ಟೋರಲ್ ಫೆಲೋಶಿಪ್‌ನಲ್ಲಿ ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ. ಪದವಿ ಕೊಡುವುದು ಇಲ್ಲಿನ ವಿಶ್ವವಿದ್ಯಾಲಯವೇ. ಫೀಲ್ಡ್ ಊರಿನಲ್ಲಿ, ಲೈಬ್ರರಿ ಅಲ್ಲಿ. ಕರ್ನಾಟಕದ ಬಗ್ಗೆಯೇ ಬರೆಯುವವರಿಗೆ ಇದಕ್ಕಿಂತ ಚೆಂದದ ಜೋಡಿ ನನಗೆ ಗೊತ್ತಿಲ್ಲ. ಹೋಗುವ ಮೊದಲು ಇಲ್ಲಿನ ಫೆಲೋಶಿಪ್‌ನವರ ಅನುಮತಿ ಪತ್ರ ಪಡೆಯಿರಿ, ಇಲ್ಲದಿದ್ದರೆ ಎರಡೂ ಕಡೆ ತೊಂದರೆ.

ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಬಗ್ಗೆ ಎಚ್ಚರಿಕೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕೂಲಿಕಾರರು, ಕುಶಲಕರ್ಮಿಗಳ ಮಕ್ಕಳಿಗೆ 125 ಸೀಟು, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಆದರೆ 2022ರಲ್ಲಿ ಒಂದು ನಿಯಮ ಸೇರಿತು. ಭಾರತದ ಸಂಸ್ಕೃತಿ, ಇತಿಹಾಸ, ಭಾರತ ಕುರಿತ ಸಾಮಾಜಿಕ ಅಧ್ಯಯನಕ್ಕೆ ಈ ಹಣ ಸಿಗುವುದಿಲ್ಲ. ತನ್ನ ಕೇರಿಯ ಪೌರಕಾರ್ಮಿಕರ ಆರೋಗ್ಯದ ಬಗ್ಗೆ ಹೊರಗೆ ಹೋಗಿ ಓದಬೇಕು ಅನ್ನುವ ಹುಡುಗನಿಗೆ ಇದು ಬಾಗಿಲು ಹಾಕಿದ ಹಾಗೆ. ನನಗೆ ಈ ನಿಯಮದ ಮೇಲೆ ಸಿಟ್ಟಿದೆ. ವಿದೇಶದಲ್ಲಿ ಓದಲು ನೆರವು ಕೊಡುವ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆಯನ್ನು ಅಂಥವರು ವಿಚಾರಿಸಬೇಕು.

ಹಾಗಾದರೆ ಯಾರಿಗೆ ಯಾವುದು?

ನಿಮ್ಮ ಪ್ರಶ್ನೆ ಊರಿನದ್ದಾಗಿದ್ದರೆ ಜೆಆರ್‌ಎಫ್‌, ಸಿಕ್ಕರೆ ನಿಮ್ಹಾನ್ಸ್ ಅಥವಾ ಐಸೆಕ್, ನಡುವೆ ಸ್ಪ್ಲಿಟ್‌ಸೈಟ್. ಪ್ರಶ್ನೆ ಇನ್ನೂ ಗಟ್ಟಿಯಾಗಿಲ್ಲ, ವಿಧಾನ ಕಲಿಯಬೇಕು ಅಂತಿದ್ದರೆ ಡಚ್ ಅಥವಾ ಸ್ವೀಡಿಷ್ ಹುದ್ದೆ. ಬೇರೆಯವರ ಪ್ರಶ್ನೆಯ ಮೇಲೆ ನಾಲ್ಕು ವರ್ಷ ದುಡಿದರೆ ಕೆಲಸ ಬರುತ್ತದೆ. ಎನ್‌ಎಚ್‌ಎಸ್‌ನಲ್ಲಿ ಇದ್ದರೆ ಎನ್‌ಐಎಚ್‌ಆರ್‌, ಬೇರೆ ಯೋಚನೆ ಬೇಡ. ನಲವತ್ತು ಹತ್ತಿರ, ಸರ್ಕಾರಿ ಕೆಲಸ, ಸಂಸಾರ ಇದ್ದರೆ ಇಲ್ಲೇ ಪಾರ್ಟ್‌ಟೈಮ್ ಮಾಡಿ. ಮೇಲಧಿಕಾರಿಯ ಎನ್‌ಒಸಿ ಬೇಕು. ಫೆಲೋಶಿಪ್ ಇರುವುದಿಲ್ಲ, ಸಂಬಳ ಇರುತ್ತದಲ್ಲ.

ಡೇಟಾ ಸಿಗಲ್ಲ ಅಂತ ಹೊರಗೆ ಹೋಗುವವರಿಗೆ ಮಾತ್ರ ನಾನು ತಡೆ ಹಾಕುತ್ತೇನೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಅದು. 45 ದಾಟಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು 2017–18ರಲ್ಲಿ ಮಾತಾಡಿಸಿದ ಲಾಸಿ ಸಮೀಕ್ಷೆ ಇದೆ. ಐಐಪಿಎಸ್‌ಗೆ ಅರ್ಜಿ ಹಾಕಿದರೆ ಸಂಶೋಧಕರಿಗೆ ಕೊಡುತ್ತಾರೆ. ವೃದ್ಧರನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಅನ್ನೋ ಪ್ರಶ್ನೆಗೆ ಅದರಲ್ಲಿ ಬೇಕಾದಷ್ಟು ಸಾಮಗ್ರಿ ಇದೆ.

ಕ್ಯಾಲೆಂಡರ್ ವಿಷಯ. ಇಂಗ್ಲೆಂಡಿನಲ್ಲಿ ಅಕ್ಟೋಬರ್‌ಗೆ ಸೇರಬೇಕಾದರೆ ಹಣದ ಅರ್ಜಿಗಳು ಹೆಚ್ಚಾಗಿ ಹಿಂದಿನ ಡಿಸೆಂಬರ್, ಜನವರಿಯಲ್ಲೇ ಮುಗಿಯುತ್ತವೆ. ಗೈಡ್‌ಗೆ ಮೊದಲ ಮೇಲ್ ಹೋಗಬೇಕಾದ್ದು ದಸರಾ ಹೊತ್ತಿಗೆ. ಅದೇ ಹೊತ್ತಿಗೆ ಡಿಸೆಂಬರ್ ನೆಟ್ ತಯಾರಿಯೂ ಇರುತ್ತದೆ. ಎರಡನ್ನೂ ಒಟ್ಟಿಗೆ ಎಳೆಯಬೇಡಿ. ಜೂನ್ ನೆಟ್ ಬರೆದು, ಮಳೆಗಾಲದಲ್ಲಿ ಪ್ರಪೋಸಲ್ ತಿದ್ದಿ. ಮೇಲ್‌ನಲ್ಲಿ ‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿ ಅರ್ಧ ಪುಟ ನಮಸ್ಕಾರ ಹಾಕಬೇಡಿ. ಅವರ ಯಾವ ಲೇಖನ ಓದಿದಿರಿ, ಅದರಲ್ಲಿ ನಿಮಗೆ ಒಪ್ಪಿಗೆಯಾಗದ್ದು ಏನು, ಹತ್ತು ಸಾಲಿನಲ್ಲಿ ಹೇಳಿ. ಐಇಎಲ್‌ಟಿಎಸ್ ಅಂಕ ಎರಡೇ ವರ್ಷ ಚಾಲ್ತಿ. ಅದಕ್ಕೆ ಅವಸರ ಬೇಡ.

ಆ ಜೂನಿಯರ್ ಹುಡುಗಿ ಆಫರ್ ಲೆಟರ್‌ಗೆ ಉತ್ತರ ಬರೆದಳು. ಒಂದು ವರ್ಷ ಮುಂದಕ್ಕೆ ಹಾಕಬಹುದಾ, ವಿದೇಶಿ ಫೀಸು ಪೂರ್ತಿ ಒಳಗೊಂಡ ಹಣಕ್ಕೆ ಯಾವ ಅರ್ಜಿ ಹಾಕಬೇಕು ಅಂತ ನೇರವಾಗಿ ಕೇಳಿದಳು. ಗೈಡ್ ಎರಡೇ ದಿನದಲ್ಲಿ ಉತ್ತರ ಕೊಟ್ಟರು, ಮೂರು ಅರ್ಜಿಗಳ ಹೆಸರು ಮತ್ತು ಕೊನೇ ದಿನಾಂಕದ ಸಮೇತ. ಈಗ ಅವಳು ಎರಡನೇ ಡ್ರಾಫ್ಟ್‌ನಲ್ಲಿದ್ದಾಳೆ. ಪಕ್ಕದಲ್ಲಿ ನೆಟ್ ಪುಸ್ತಕವೂ ತೆರೆದಿದೆ. ಅವಳಮ್ಮ ಮಾತ್ರ ನನ್ನ ಹತ್ತಿರ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.